ಹಾಸಿಗೆ ಹಿಡಿದವರ ಮಲಂಗಸಾಬ

ಬೆಟಗೇರಿಯ ಮಗ್ಗಗಳು ಇನ್ನೂ ಸದ್ದು ಮಾಡಿಲ್ಲ. ಓಣಿಯ ನಲ್ಲಿಗೆ ನೀರು ಬರಲು ಅರ್ಧ ತಾಸು ಇದೆ. ಕೊಡಗಳು ಮಾತ್ರ ಆಗಲೇ ಸಾಲು ಹಚ್ಚಿ ನಿಂತಿವೆ. ಆ ಹೊತ್ತಿಗೆ ಓಣಿಯ ಕೊನೆಯ ತಗಡಿನ ಮನೆಯಿಂದ ಝುಂಯ್, ಝುಂಯ್ ಎಂದು ಸಪ್ಪಳ ಹೊರಡುತ್ತದೆ. ಬಾಗಿ ಒಳಗೆ ನೋಡಿದರೆ ಮೊದಲು ಮನುಷ್ಯ ಕಾಣುವುದಿಲ್ಲ, ಹಾರುವ ಅರಳೆ ಕಾಣುತ್ತದೆ. ಸ್ವಲ್ಪ ಹೊತ್ತಿಗೆ ಆ ಬಿಳುಪಿನೊಳಗಿಂದ ಒಂದು ಗಡ್ಡ, ಎರಡು ಕಣ್ಣು, ತೊಲೆಯಿಂದ ಇಳಿಬಿದ್ದ ಆಳುದ್ದದ ಬಿಲ್ಲು ಮೂಡುತ್ತವೆ. ಗಡ್ಡದಲ್ಲಿ ನರೆ ಎಷ್ಟು, ಅರಳೆ ಎಷ್ಟು ಎಂದು ಹೇಳುವುದು ಕಷ್ಟ.

"ಬರ್ರಿ, ಆದ್ರ ಮೂಗಿಗೆ ವಸ್ತ್ರ ಕಟ್ಟಿಕೊಳ್ರಿ. ನಿಮ್ಮ ಬೀಡಿ ಕೆಮ್ಮು, ನಮ್ಮ ಅರಳಿ ಕೆಮ್ಮು ಎರಡೂ ಕೂಡಿದ್ರ ಡಾಕ್ಟರ್ ಮನ್ಯಾಗ ಹಬ್ಬ ಆಗತೈತಿ" ಎನ್ನುತ್ತಾರೆ ಮಲಂಗಸಾಬ. ನಾನು ಬೀಡಿ ಸೇದುವುದು ಅವರಿಗೆ ಹೇಗೆ ಗೊತ್ತಾಯಿತೋ ಕಾಣೆ.

ಮಲಂಗಸಾಬ ಪಿಂಜಾರರು. ವಯಸ್ಸು ನಲವತ್ತಮೂರು ಇರಬಹುದು, ಅವರ ಪ್ರಕಾರ "ನಾಲ್ವತ್ತರ ಆಚಿ, ಐವತ್ತರ ಈಚಿ". ಹತ್ತಿ ಹಿಂಜಿ ಗಾದಿ ಮಾಡುವುದು ಅಜ್ಜನ ಕಾಲದ ಕಸುಬು. ಮದುವೆಯ ದಿನಗಳಲ್ಲಿ ಮದುಮಕ್ಕಳ ಗಾದಿಗಳಿಂದ ಮನೆ ನಡೆಯುತ್ತದೆ. ಆದರೆ ಸೂರ್ಯ ಹುಟ್ಟುವ ಮೊದಲು ಅವರ ಬಿಲ್ಲು ನುಡಿಯುವುದು ಮದುಮಕ್ಕಳಿಗಾಗಿ ಅಲ್ಲ, ಹಾಸಿಗೆ ಹಿಡಿದವರಿಗಾಗಿ. ಇಂದು ಅದು ಶಂಕ್ರೆವ್ವನ ಸಲುವಾಗಿ ನುಡಿಯುತ್ತಿದೆ.

ಶಂಕ್ರೆವ್ವ ಗದಗಿನ ಹಮಾಲ ಕಳಕಪ್ಪನ ತಾಯಿ. ಆಷಾಢದಲ್ಲಿ ಬಚ್ಚಲಲ್ಲಿ ಕಾಲು ಜಾರಿ ಟೊಂಕದ ಎಲುಬು ಮುರಿದುಕೊಂಡವಳು ಕಾರ್ತೀಕ ಬಂದರೂ ಎದ್ದಿಲ್ಲ. ಬೆನ್ನಿಗೆ ಹುಣ್ಣು ಬಿದ್ದಿದೆ. ಹನ್ನೊಂದು ದಿನದಿಂದ ಕಣ್ಣಿಗೆ ಕಣ್ಣು ಹತ್ತಿಲ್ಲ. ಹಿಂದಿನ ವಾರ ಕಳಕಪ್ಪ ತಾನೇ ಬಂದು ಗಾದಿ ಕೇಳಿದ. ಮಲಂಗಸಾಬ ಒಪ್ಪಿದರು, ಆಮೇಲೆ ಅದರ ಅರಳೆ ಎಲ್ಲಿಯದೆಂದು ಹೇಳಿದರು. ಕಳಕಪ್ಪ ದಡಕ್ಕನೆ ಎದ್ದ. "ನಮ್ಮವ್ವ ಇನ್ನೂ ಜೀವಂತ ಅದಾಳ್ರಿ ಸಾಬ್ರ" ಎಂದವನು ಕೊಟ್ಟ ಚಹ ಅಲ್ಲೇ ಬಿಟ್ಟು ಹೋದ.

ಅವನ ಸಿಟ್ಟಿಗೆ ಕಾರಣವಿದೆ. ನಮ್ಮ ಸೀಮೆಯಲ್ಲಿ ಸತ್ತವರ ಗಾದಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಹೆಣದ ಹಿಂದೆಯೇ ಅದೂ ಹೊರಬೀಳುತ್ತದೆ. ಕೆಲವರು ಸುಡುತ್ತಾರೆ, ಕೆಲವರು ಹಳ್ಳದ ದಂಡೆಗೆ ಒಗೆದು ತಿರುಗಿ ನೋಡದೆ ಬರುತ್ತಾರೆ. ಹಿಂದೂ, ಮುಸ್ಲಿಂ ಎಂಬ ಭೇದ ಇದರಲ್ಲಿ ಇಲ್ಲ. ಅಂಥ ಗಾದಿಗಳನ್ನು ಮಲಂಗಸಾಬ ಕೇಳಿ ತರಿಸಿಕೊಳ್ಳುತ್ತಾರೆ. ಲಕ್ಷ್ಮೇಶ್ವರ, ಮುಂಡರಗಿ, ಶಿರಹಟ್ಟಿ ಕಡೆಯ ಬಸ್ಸಿನ ಮಾಳಿಗೆ ಏರಿ ಅವು ಬರುತ್ತವೆ. ಈಗ ಬಿಲ್ಲಿನ ಕೆಳಗೆ ಹಾರುತ್ತಿರುವುದು ಶಿರಹಟ್ಟಿಯ ಬಳೆಗಾರ್ತಿ ದಿಲಶಾದಬಿಯ ಗಾದಿಯ ಅರಳೆ. ಲಕ್ವ ಹೊಡೆದು ವರ್ಷಗಟ್ಟಲೆ ಮಲಗಿದ್ದ ಆಕೆ ಹೋದ ತಿಂಗಳು ತೀರಿಕೊಂಡಳು. ಕಳಕಪ್ಪ ಬೇಡವೆಂದರೂ ಇವರು ಬಿಲ್ಲು ಹಿಡಿದಿದ್ದಾರೆ. ಯಾಕೆಂದು ಕೇಳಿದರೆ, "ಅಂವಾ ಬ್ಯಾಡ ಅಂದಾನ್ರಿ. ಅವರವ್ವ ಇನ್ನೂ ಏನೂ ಅಂದಿಲ್ಲಲ್ಲ" ಎನ್ನುತ್ತಾರೆ.

ಈ ಕೆಲಸ ಅವರಿಗೆ ಅಂಟಿಕೊಂಡದ್ದು ಒಂಬತ್ತು ವರ್ಷದ ಹಿಂದೆ, 1974ರಲ್ಲಿ. ಆ ಸುಗ್ಗಿಯಲ್ಲಿ ಅವರು ಹತ್ತಿ ಜಿನ್ನಿನ ಕೂಲಿಗೆ ಹೋಗಿದ್ದರು. ಒತ್ತಿ ಕಟ್ಟಿದ ಹತ್ತಿಯ ಅಂಡಿಗೆಗಳನ್ನು ಒಟ್ಟುವಾಗ ಮೇಲಿನ ಸಾಲಿನಿಂದ ಕಾಲು ಜಾರಿ ಬಿದ್ದರು. ಬೆನ್ನೆಲುಬು ಬಿರುಕು ಬಿಟ್ಟಿದೆ, ಅಂಗಾತ ಮಲಗಿಯೇ ಇರಬೇಕು ಎಂದರು ಡಾಕ್ಟರು. ಊರಿಗೆಲ್ಲ ಗಾದಿ ಮಾಡಿದವರ ಮನೆಯಲ್ಲಿ ಇದ್ದದ್ದು ಒಂದು ಚಾಪೆ. ಎರಡು ತಿಂಗಳಲ್ಲಿ ಹುಣ್ಣು ಬಿದ್ದವು. ಹೊರಳಿಸಲು ಬಂದ ಹೆಂಡತಿ ಅಲ್ಮಾಸಬಿಯ ಮೇಲೆ ತಾಟು ಎಸೆದರು.

"ಎಲ್ಲಾರಿಗೂ ಬೈದೇನ್ರಿ" ಎಂದು ಅವರೇ ಹೇಳುತ್ತಾರೆ. "ಮೊದಲ ಜಿನ್ನಿನವರಿಗೆ, ಆಮ್ಯಾಲ ಈಕಿಗೆ, ಕಡೀಕ ಅಲ್ಲಾಗೂ ಬೈದೆ. ನಮಾಜಿನ ಹೊತ್ತಿಗೆ ಮಾರಿ ಗ್ವಾಡಿ ಕಡೆ ಮಾಡ್ತಿದ್ದೆ. ನೋವಿನಕಿಂತ ಆ ಸಿಟ್ಟ ನನ್ನ ಹೆಚ್ಚ ತಿಂತು."

ಅದೇ ದಿನಗಳಲ್ಲಿ ಎದುರು ಮನೆಯ ನಿಜಲಿಂಗಪ್ಪಜ್ಜ ತೀರಿಕೊಂಡರು. ಅವರೂ ಎರಡು ವರ್ಷ ಹಾಸಿಗೆ ಹಿಡಿದಿದ್ದವರು. ಅವರ ಗಾದಿಯನ್ನು ಮಾಡಿದ್ದು ಇದೇ ಮಲಂಗಸಾಬ. ಮಣ್ಣು ಕೊಟ್ಟು ಬಂದ ಮರುದಿನ ಅಜ್ಜನ ಹೆಂಡತಿ ನೀಲಗಂಗವ್ವ ಆ ಗಾದಿಯನ್ನು ಸುರುಳಿ ಸುತ್ತಿ, ತಲೆಯ ಮೇಲೆ ಹೊತ್ತು ಓಣಿ ದಾಟಿ ತಂದಳು. ಮಂದಿ ಬಾಯಿ ಮೇಲೆ ಕೈ ಇಟ್ಟುಕೊಂಡು ನೋಡಿದರು. ಮಲಂಗಸಾಬರೂ ಬೇಡವೆಂದರು. ನೀಲಗಂಗವ್ವ ಹೇಳಿದ ಮಾತನ್ನು ಅಲ್ಮಾಸಬಿ ಇಂದಿಗೂ ಅಕ್ಷರ ಬಿಡದೆ ಹೇಳುತ್ತಾರೆ: "ಮಲಂಗಾ, ಇದು ಸಾವಿನ ಗಾದಿ ಅಲ್ಲೋ. ನಮ್ಮವರು ಇದರ ಮ್ಯಾಲ ಎರಡು ವರ್ಷ ಬದುಕಿದ್ರು. ಸತ್ತದ್ದು ಒಂದ್ ಗಳಿಗಿ."

ಎರಡು ದಿನ ಗಾದಿ ಮೂಲೆಯಲ್ಲೇ ಇತ್ತು. ಮೂರನೆಯ ದಿನದ ನಸುಕಿನಲ್ಲಿ ನೋವು ತಡೆಯಲಾಗದೆ ಮಲಂಗಸಾಬ ಹ್ಞೂಂ ಎಂದರು. ಇಬ್ಬರು ಹೆಂಗಸರು ಸೇರಿ ಎತ್ತಿ ಮಲಗಿಸಿದರು. ಮುಂದೆ ಆದದ್ದನ್ನು ಕೇಳುವಾಗ ನಾನು ಬರೆಯುವುದನ್ನು ನಿಲ್ಲಿಸಿದ್ದೆ. ನಾನು ಇಂಥವನ್ನು ಸುಲಭಕ್ಕೆ ನಂಬುವವನಲ್ಲ, ಪವಾಡದ ಸುದ್ದಿ ಹೊತ್ತು ಬಂದವರಿಗೆ ಚಹ ಕುಡಿಸಿ ಕಳಿಸುವವನು. ಆದರೂ ಅವರು ಹೇಳಿದ ಹಾಗೆಯೇ ಇಲ್ಲಿ ಕೊಡುತ್ತೇನೆ.

"ಯಾರೋ ಬಿಲ್ಲು ಬಾರ್ಸಾಕತ್ತಿದ್ರು. ನನ್ನ ಬಿಲ್ಲು ಗ್ವಾಡಿಗೆ ಇತ್ತು, ಅದರ ಮ್ಯಾಲ ಧೂಳ ಕುಂತಿತ್ತು. ಆದ್ರೂ ಸಪ್ಪಳ ಬರಾಕತ್ತಿತ್ತು, ನನ್ನ ಬೆನ್ನಾಗಿಂದ. ಪೆಟ್ಟಿಗೊಂದು ಗಂಟು ಬಿಚ್ಚಿಧಂಗ ಆತು. ಮೊದಲ ಸಿಟ್ಟ ಹೋತು. ಆಮ್ಯಾಲ ಹೆದರಿಕಿ ಹೋತು. ಕಡೀಕ ನನ್ನ ಹೆಸರ ಮರ್ತಹೋತ್ರಿ. ಅರಳಿ ಹಾರತಾವಲ್ಲ, ಹಂಗ. ಬೆಳಕ ಇತ್ತು, ದೀಪದ್ದಲ್ಲ, ಹೊತ್ತಿಂದೂ ಅಲ್ಲ. ಅಜ್ಜಾರ ಮೈ ಯಾವುದು, ನನ್ನ ಮೈ ಯಾವುದು ತಿಳೀಲಿಲ್ಲ. ನೋವ ಇತ್ತು. ಖರೆ ಹೇಳ್ತೇನಿ, ಏನೂ ಕಡಿಮಿ ಆಗಿರಲಿಲ್ಲ. ಆದ್ರ ಅದು ನನ್ನೊಬ್ಬಂದು ಅನ್ನಿಸಲಿಲ್ಲ. ನನ್ನ ಯಾರೋ ಹಿಂಜಾಕತ್ತಾರ, ಹಾಳ ಮಾಡಾಕಲ್ಲ, ಮೆತ್ತಗ ಮಾಡಾಕ ಅಂತ ತಿಳೀತು."

ಅಂದು ಅವರು ಹೊತ್ತು ನೆತ್ತಿಗೆ ಬರುವ ತನಕ ಮಲಗಿದರು. ಎರಡು ತಿಂಗಳಲ್ಲಿ ಮೊದಲ ನಿದ್ದೆ. "ನಾ ಅಂತೂ ಮುಗೀತು ಅಂತ ಮೂಗಿನ ಮುಂದ ಕೈ ಹಿಡದು ನೋಡಿದೆ" ಎಂದು ಅಲ್ಮಾಸಬಿ ನಗುತ್ತಾರೆ. ಎಚ್ಚರಾದ ಮೇಲೆ ಮಲಂಗಸಾಬ ಮಾಡಿದ ಮೊದಲ ಕೆಲಸ, ಹೆಂಡತಿಯ ಕೈ ಹಿಡಿದು ತಪ್ಪಾಯಿತು ಎಂದದ್ದು. ಮರುದಿನವೇ ಎದ್ದು ಓಡಾಡಿದರು ಎಂದು ಬರೆದರೆ ಓದುವವರಿಗೆ ಖುಷಿ, ಆದರೆ ಸುಳ್ಳು. ಹುಣ್ಣು ಮಾಯಲು ಆರು ವಾರ ಹಿಡಿಯಿತು, ನಿಂತು ನಡೆಯಲು ಐದು ತಿಂಗಳು. ಈಗಲೂ ಎಡಗಾಲು ಸ್ವಲ್ಪ ಎಳೆಯುತ್ತದೆ, ಬೆನ್ನಿನ ನಡುವೆ ಒಂದು ಕಡೆ ನೋವು ಉಳಿದಿದೆ.

ಆ ನೋವೇ ಅವರ ತಕ್ಕಡಿ. ಗಾದಿ ಮುಗಿದ ಮೇಲೆ ಅದರ ಮೇಲೆ ಅವರು ಅಂಗಾತ ಮಲಗಿ ಕಣ್ಣು ಮುಚ್ಚುತ್ತಾರೆ. ಆ ಜಾಗ ಚುಚ್ಚಿದರೆ ಹೊಲಿಗೆ ಬಿಚ್ಚಿ ಮತ್ತೆ ಹಿಂಜುತ್ತಾರೆ. "ಈ ನೋವ ಹೋಗಬಾರ್ದು ಅಂತ ಬೇಡಕೋತೇನ್ರಿ" ಎನ್ನುತ್ತಾರೆ, ನಗದೆ. "ಅದು ಹೋದ್ರ ಗಾದಿ ಪಾಸೋ ಫೇಲೋ ಹೇಳವ್ರ ಯಾರು? ಕೊಟ್ಟಾಂವ ದೊಡ್ಡಾಂವ. ಬೆನ್ನ ಮುರದ, ಕೆಲಸ ಕೊಟ್ಟ." ಇಷ್ಟು ಸಲೀಸಾಗಿ ನೋವಿಗೆ ಉಪಕಾರ ಸ್ಮರಿಸುವವರನ್ನು ನಾನು ನೋಡಿದ್ದು ಇದೇ ಮೊದಲು.

ಬಂದ ಗಾದಿಯ ಅರಿವೆಯನ್ನು ಸುಡುತ್ತಾರೆ. ಅರಳೆಯನ್ನು ಎಂಟು ದಿನ ಬಿಸಿಲಿಗೆ ಹರವಿ, ಬೇವಿನ ಸೊಪ್ಪಿನಲ್ಲಿ ಇಟ್ಟು, ಎರಡು ಸಲ ಹಿಂಜುತ್ತಾರೆ. ಕ್ಷಯದವರ ಗಾದಿಯನ್ನು ಮುಟ್ಟುವುದಿಲ್ಲ, ಡಾಕ್ಟರು ಬೇಡವೆಂದಿದ್ದಾರೆ. ರೋಗಿಯ ಭುಜ, ಟೊಂಕ, ಹಿಮ್ಮಡಿ ಎಲ್ಲೆಲ್ಲಿ ಊರುತ್ತವೆ ಎಂದು ಒಂದು ದಾರದಲ್ಲಿ ಗಂಟು ಹಾಕಿ ಅಳತೆ ತರುತ್ತಾರೆ. ಶಂಕ್ರೆವ್ವನ ಅಳತೆಯನ್ನು ಅಲ್ಮಾಸಬಿಯೇ ಹೋಗಿ ತಂದಿದ್ದಾರೆ, ಕಳಕಪ್ಪ ಕೆಲಸಕ್ಕೆ ಹೋಗಿದ್ದಾಗ. ಗಂಟು ಇದ್ದಲ್ಲಿ ಅರಳೆ ಸಡಿಲ, ಉಳಿದಲ್ಲಿ ಬಿಗಿ. ಒಂದು ಗಾದಿಗೆ ಎಂಟು ಕಿಲೋ ಅರಳೆ, ಮೂರು ನಸುಕಿನ ಕೆಲಸ. ಇಷ್ಟು ವರ್ಷದಲ್ಲಿ ಎಷ್ಟು ಮಾಡಿದ್ದೀರಿ ಎಂದರೆ ಅವರಿಗೆ ಗೊತ್ತಿಲ್ಲ. ನೂರಾ ನಲವತ್ತರ ಮೇಲೆ ಎನ್ನುತ್ತಾರೆ ಅಲ್ಮಾಸಬಿ, ದಬ್ಬಣ ಹಿಡಿದು ಎಲ್ಲವನ್ನೂ ಹೊಲಿದವರು. "ಪೇಪರಿನ್ಯಾಗ ನನ್ನ ಹೆಸರೂ ಹಾಕ್ರಿ. ಬಿಲ್ಲಿಂದಾದ್ರ ಸಪ್ಪಳ ಆಗತೈತಿ, ದಬ್ಬಣದ್ದು ಯಾರಿಗೆ ಕೇಳಸ್ತೈತಿ?" ಹಾಕಿದ್ದೇನೆ ತಾಯಿ.

ನನಗೆ ಒಂದು ಉಪಾಯ ಹೊಳೆಯಿತು. ಅರಳೆ ಯಾರದೆಂದು ಹೇಳದೆ ಕೊಟ್ಟರೆ ಯಾರಿಗೆ ತಿಳಿಯುತ್ತದೆ? ಕಳಕಪ್ಪನ ಸಿಟ್ಟೂ ಇಲ್ಲ, ಶಂಕ್ರೆವ್ವನಿಗೆ ನಿದ್ದೆ, ಎಂದೆ. ಮಲಂಗಸಾಬ ಬಿಲ್ಲು ಇಳಿಸಿ ನನ್ನನ್ನೇ ನೋಡಿದರು.

"ಒಮ್ಮೆ ಹಂಗ ಮಾಡೇನ್ರಿ. ಮುಂಡರಗ್ಯಾಗ ಒಬ್ಬ ಅಜ್ಜ. ಮನಿಮಂದಿ ಒಪ್ಪೂದಿಲ್ಲ ಅಂತ ಹೇಳದ ಕೊಟ್ಟು ಬಂದೆ. ಒಂಬತ್ತು ದಿನ ಚಂದ ಮಲಗಿದ. ಆಮ್ಯಾಲ ಯಾರೋ ಖಬರ ಮುಟ್ಟಿಸಿದ್ರು. ಅಜ್ಜನ್ನ ನೆಲಕ್ಕಿಳಿಸಿ ಅಂಗಳದಾಗ ಗಾದಿ ಸುಟ್ರು. ಮೂರ ದಿನಕ್ಕ ನೆಲದ ಮ್ಯಾಲ ಹೋದ. ಅದು ನನ್ನ ತಪ್ಪು. ಕೇಳಿ ಒಪ್ಪಿದ್ರ ಅಷ್ಟ ಕೊಡಬೇಕು."

ಅದು ಮೂರನೆಯ ನಸುಕು, ಉಳಿದಿದ್ದದ್ದು ಕೊನೆಯ ಹಿಡಿ ಅರಳೆ ಮತ್ತು ಹೊಲಿಗೆ ಮಾತ್ರ. ಅದೂ ಮುಗಿದು ಮಲಂಗಸಾಬರ ಬೆನ್ನು ಒಪ್ಪಿದ ಮೇಲೆ, ಹೊತ್ತು ಏರುವ ಮೊದಲೇ ಗಾದಿಯನ್ನು ಸೈಕಲ್ಲಿಗೆ ಕಟ್ಟಿ, ಸೈಕಲ್ ನೂಕುತ್ತ ಗದಗಿನ ದಾರಿ ಹಿಡಿದೆವು. ಕಳಕಪ್ಪ ಮನೆಯ ಕಟ್ಟೆಯ ಮೇಲೆ ರುಮಾಲು ಸುತ್ತುತ್ತ ಕೂತಿದ್ದ. ಗಾದಿ ಕಂಡದ್ದೇ ಅವನ ಮುಖ ಗಂಟಾಯಿತು.

"ಬ್ಯಾಡ ಅಂತ ಹೇಳಿದ್ನಲ್ರಿ ಸಾಬ್ರ."

"ಹೇಳೀಪಾ. ಅವ್ವಾರ್ನ ಒಂದ್ ಮಾತ ಕೇಳು. ಅವರೂ ಬ್ಯಾಡಂದ್ರ ಹಿಂಗ ತಿರಿಗಿ ಹೊಕ್ಕೇನಿ."

"ಆಕಿನ್ನೇನ್ ಕೇಳೂದ್ರಿ? ಹೆತ್ತವ್ವನ್ನ ಹೆಣದ ಗಾದಿ ಮ್ಯಾಲ ಹಾಕ್ಯಾನ ಅಂತ ಮಂದಿ ಆಡಕೋತಾರ. ನನ್ನ ಕೈಲೆ ಆಗೂದಿಲ್ಲ." ಅವನ ಧ್ವನಿ ಒಡೆದಿತ್ತು. ಅವನೂ ಹನ್ನೊಂದು ದಿನದಿಂದ ಮಲಗಿಲ್ಲವೆಂಬುದು ಕಣ್ಣು ನೋಡಿದರೇ ತಿಳಿಯುತ್ತಿತ್ತು.

ಒಳಗಿನಿಂದ ಶಂಕ್ರೆವ್ವನ ಸಣ್ಣ ಧ್ವನಿ ಬಂತು. "ಯಾರದದು ಗಾದಿ?"

ಮಲಂಗಸಾಬ ಹೊಸ್ತಿಲ ಹೊರಗೇ ನಿಂತು ಹೇಳಿದರು: "ಶಿರಹಟ್ಟಿ ಬಳಿಗಾರ ದಿಲಶಾದಬೀದು ಅವ್ವಾರ. ಹೋದ ತಿಂಗಳ ತೀರಿಕೊಂಡ್ಳು. ಇದರ ಮ್ಯಾಲನ."

ಕಳಕಪ್ಪ ತಲೆ ತಗ್ಗಿಸಿದ. ಒಳಗಿನಿಂದ ಮತ್ತೆ ಶಂಕ್ರೆವ್ವನ ಧ್ವನಿ.

"ಆಕಿಗೆ ಇದರ ಮ್ಯಾಲ ನಿದ್ದಿ ಬರ್ತಿತ್ತೇನು?"

"ಬರ್ತಿತ್ರಿ. ಕೋಳಿ ಕೂಗೂತನಕ ಏಳ್ತಿರಲಿಲ್ಲಂತ. ಆಕಿ ಮಗಾ ಹೇಳ್ಯಾನ."

"ಕಳಕಾ" ಎಂದಳು ಶಂಕ್ರೆವ್ವ, "ನನಗ ಸಾವಿನ ಅಂಜಿಕಿ ಇಲ್ಲೋ ಎಪ್ಪಾ. ಬೆಳಕ ಹರಿಯೂದು ಕಾದ ಕಾದ ಸಾಕಾಗೈತಿ. ಹಾಸು."

ಕಳಕಪ್ಪ ರುಮಾಲಿನ ಸೆರಗಿನಿಂದ ಮುಖ ಒರೆಸಿಕೊಂಡ. ಆಮೇಲೆ ಎದ್ದು ಸೈಕಲ್ಲಿನ ಹಗ್ಗವನ್ನು ತಾನೇ ಬಿಚ್ಚಿದ. ಗಾದಿಯ ಒಂದು ತುದಿ ಅವನು, ಇನ್ನೊಂದು ತುದಿ ಮಲಂಗಸಾಬ. ತಾಯಿಯನ್ನು ಎತ್ತಿ ಮಲಗಿಸುವಾಗ ಮಲಂಗಸಾಬ ಟೊಂಕದ ಕೆಳಗೆ ಅಂಗೈ ಇಟ್ಟು, ಎಲುಬು ಗಾದಿಯ ಸಡಿಲ ಜಾಗದಲ್ಲಿ ಕೂತ ಮೇಲೆ ಮೆಲ್ಲಗೆ ಕೈ ತೆಗೆದರು. ಶಂಕ್ರೆವ್ವ ಒಮ್ಮೆ ನರಳಿದಳು. ಹುಬ್ಬಿನ ಗಂಟು ಸಡಿಲವಾಯಿತು.

ಆದರೆ ಮಲಂಗಸಾಬ ಹೊರಡಲಿಲ್ಲ. ಕಟ್ಟೆಗೆ ಬಂದು ಗೋಡೆಗೆ ಒರಗಿ ಕೂತರು. ಕಳಕಪ್ಪ ಚಹ ತಂದು ಕೊಟ್ಟ. ಕೆಲಸಕ್ಕೆ ಹೊತ್ತಾದರೂ ಅವನೂ ಪಕ್ಕದಲ್ಲೇ ಕೂತ. ಮೂವರೂ ಒಳಗಿನ ಉಸಿರಿಗೆ ಕಿವಿಗೊಟ್ಟೆವು. ಉಸಿರು ಮೊದಲು ತಡವರಿಸಿತು, ಆಮೇಲೆ ಉದ್ದವಾಯಿತು, ಆಮೇಲೆ ಸಣ್ಣಗೆ ಗೊರಕೆ ಹತ್ತಿತು. ಕಳಕಪ್ಪ ಮೊಣಕಾಲ ನಡುವೆ ಮುಖ ಹುದುಗಿಸಿದ. ಅವನ ಬೆನ್ನಿನ ಮೇಲೆ ಮಲಂಗಸಾಬರ ಕೈ ಇತ್ತು. ಯಾರ ಪುಣ್ಯವೋ, ಆ ಹೊತ್ತಿಗೆ ನಾನೂ ಅಲ್ಲಿದ್ದೆ.

ಇಂಥ ಲೇಖನ ಬರೆಯುವವರು ಕೊನೆಗೆ ಕೇಳುವ ಪ್ರಶ್ನೆ ಒಂದಿದೆ. ನಾನೂ ಪುಸ್ತಕ ತೆರೆದು, ಗಂಟಲು ಸರಿಮಾಡಿಕೊಂಡು, "ಸಾಬ್ರ, ನಿಮ್ಮ ಮನಸಿನ ಆಸೆ ಏನು?" ಎಂದೆ.

ಮಲಂಗಸಾಬ ತುಟಿಯ ಮೇಲೆ ಬೆರಳಿಟ್ಟರು.

"ಸಾವಕಾಶ ಮಾತಾಡ್ರಿ. ಅವ್ವಾರು ಮಲಗ್ಯಾರ."