ಶಾಲೆಗೆ ಒಯ್ದ ಮಣ್ಣೆತ್ತು

ಇದು ನಡೆದದ್ದು ಕಳೆದ ವರ್ಷ, ಮಣ್ಣಿನ ಎತ್ತು ಪೂಜಿಸುವ ಮಣ್ಣೆತ್ತಿನ ಅಮಾವಾಸ್ಯೆಯ ವಾರದಲ್ಲಿ. ನನ್ನ ಮಗಳು ಶಿವಾನಿ ಆಗ ಎರಡನೇ ತರಗತಿ. ಬೆಳಗಾವಿಯ ಕೋಟೆ ಹತ್ತಿರದ ಪುಸ್ತಕ ಪ್ರದರ್ಶನದಲ್ಲಿ ಅವಳಿಗೊಂದು ಚಿತ್ರಪುಸ್ತಕ ಕೊಡಿಸಿದ್ದೆ. ಅದರಲ್ಲಿ ಒಬ್ಬ ಹುಡುಗಿ ಮಣ್ಣು ಕಲಸಿ ಪ್ರಾಣಿಗಳನ್ನು ಮಾಡುತ್ತಾಳೆ. ಓದುವುದು ಕಡಿಮೆ, ನೋಡುವುದೇ ಹೆಚ್ಚು. ಶಿವಾನಿ ಅದನ್ನು ದಿಂಬಿನ ಪಕ್ಕದಲ್ಲಿಟ್ಟುಕೊಂಡೇ ಮಲಗುತ್ತಿದ್ದಳು.

ಅಷ್ಟರಲ್ಲಿ ಶಾಲೆಯಲ್ಲಿ ಸ್ಪರ್ಧೆ ಇಟ್ಟರು. ಮಕ್ಕಳು ಮನೆಯಲ್ಲೇ ಒಂದು ಜೋಡಿ ಮಣ್ಣಿನ ಎತ್ತು ಮಾಡಿ ತರಬೇಕು. ನನ್ನ ತವರು ಖಾನಾಪುರ. ಅಲ್ಲಿಂದ ಅವ್ವ ಒಂದು ಚೀಲ ಜೇಡಿಮಣ್ಣು ಕಳಿಸಿದಳು. ಮಗಳು ಎರಡು ದಿನ ಹಿತ್ತಿಲು ಬಿಟ್ಟು ಏಳಲಿಲ್ಲ. ಮೊದಲು ಎತ್ತಿನ ಕಾಲು ಕುಸಿದವು. ಪುಸ್ತಕದ ಪುಟ ತಿರುವಿ ನೋಡಿ, ಒಳಗೆ ಕಡ್ಡಿ ಸಿಕ್ಕಿಸಿ ಮತ್ತೆ ನಿಲ್ಲಿಸಿದಳು.

"ಅವ್ವಾ, ನಿಂತ್ವು ನೋಡ," ಎಂದು ಕರೆದಾಗ ಅವಳ ಮೂಗಿನ ಮೇಲೂ ಮಣ್ಣು. ಒಂದರ ಕೋಡು ಗಿಡ್ಡ, ಇನ್ನೊಂದರ ಹೊಟ್ಟೆ ನೆಲಕ್ಕೆ ತಾಗುತ್ತಿತ್ತು. ಆದರೂ ಎತ್ತುಗಳೇ.

ಸ್ಪರ್ಧೆಯ ಹಿಂದಿನ ದಿನ ನಾನು ಉದ್ಯಮಬಾಗದ ಆಫೀಸಿನಲ್ಲಿದ್ದಾಗ ತಾಯಂದಿರ ವಾಟ್ಸಾಪ್ ಗುಂಪಿನಲ್ಲಿ ಫೋಟೊಗಳು ಬರತೊಡಗಿದವು. ಒಂದಕ್ಕಿಂತ ಒಂದು ಚೆಂದದ ಎತ್ತು. ಮಗಳನ್ನು ನೋಡಿ ನಗುತ್ತಾರೆ ಎಂದುಕೊಂಡೆ. ನಿಜ ಹೇಳಬೇಕೆಂದರೆ, ನನ್ನನ್ನು ನೋಡಿ ನಕ್ಕಾರು ಎಂಬ ಅಂಜಿಕೆ. ಕೆಲಸ ಮುಗಿಸಿ ಸೀದಾ ಬಜಾರಕ್ಕೆ ಹೋದೆ.

ಮಣ್ಣೆತ್ತು ಮಾರುವ ಅಜ್ಜಿ ಕೇಳಿದಳು, "ಪೂಜಿಗೋ ಸಾಲಿಗೋ, ತಂಗಿ?"

"ಸಾಲಿಗೆ."

"ಹಂಗಾರ ಈ ಬುಟ್ಟ್ಯಾಗಿಂದು ತಗೋ. ಸಾಲಿವು ಬ್ಯಾರೇನ ಮಾಡೇವಿ. ಒಂಚೂರು ಸೊಟ್ಟ ಇರತಾವ, ಹುಡುಗ್ರು ಮಾಡಿದಂಗ ಕಾಣತಾವ."

ನನ್ನಂಥ ತಾಯಂದಿರನ್ನು ಆಕೆ ಎಷ್ಟು ನೋಡಿದ್ದಳೋ. ಮಗಳೇ ಮಾಡಿದ ಸೊಟ್ಟ ಎತ್ತು ಮನೆಯಲ್ಲಿರುವಾಗ, ಬೇಕಂತಲೇ ಸೊಟ್ಟ ಮಾಡಿದ ಎತ್ತು ಕೊಂಡು ತಂದೆ.

"ನನ್ನವು?" ಎಂದಳು ಶಿವಾನಿ.

"ನಿನ್ನವು ಮನ್ಯಾಗ ಪೂಜಿಗೆ ಇಡೂಣು."

ಮರುದಿನ ಸ್ಪರ್ಧೆ ನೋಡಲು ತಾಯಂದಿರನ್ನೂ ಕರೆದಿದ್ದರು, ನಾನೂ ಹೋಗಿದ್ದೆ. ಅವಳ ಟೀಚರ್ ಎತ್ತುಗಳನ್ನು ತಿರುಗಿಸಿ ನೋಡಿ ಕೇಳಿದರು, "ಖರೇ ಹೇಳು, ನೀನ ಮಾಡಿದೇನವಾ?"

ಮಗಳು ನನ್ನ ಮುಖ ನೋಡಿದಳು. ಹೂಂ ಅನ್ನು ಎಂಬಂತೆ ನಾನು ತಲೆಯಾಡಿಸಿದೆ.

"ಹೂನ್ರಿ ಮಿಸ್. ಮದಲ ಕಾಲು ನಿಲ್ಲಲಿಲ್ರಿ. ಆಮ್ಯಾಲೆ ಒಳಗ ಕಡ್ಡಿ ಹಾಕಿದೆರಿ."

ಹೇಳಿದ್ದೆಲ್ಲ ನಿಜವೇ, ಮನೆಯಲ್ಲಿದ್ದ ಎತ್ತುಗಳ ಬಗ್ಗೆ. ಮೊದಲ ಬಹುಮಾನ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂಬುದು ಸುಳ್ಳಲ್ಲ. ಆ ಚಪ್ಪಾಳೆ ನೆನಪಾದರೆ ಇಂದಿಗೂ ನನ್ನ ಬಗ್ಗೆಯೇ ಹೇಸಿಗೆ ಬರುತ್ತದೆ.

ಈ ವರ್ಷವೂ ಶಾಲೆಯಲ್ಲಿ ಸ್ಪರ್ಧೆ ಇಟ್ಟರು, ಅವ್ವ ಮತ್ತೆ ಮಣ್ಣು ಕಳಿಸಿದಳು. ನಾನೇ ಪುಸ್ತಕ ತೆಗೆದು, "ಬಾ, ಇಬ್ರೂ ಕೂಡಿ ಮಾಡೂಣು," ಎಂದೆ. ಶಿವಾನಿ ಟಿವಿಯಿಂದ ಕಣ್ಣು ತೆಗೆಯಲಿಲ್ಲ.

"ಸುಮ್ನ ಯಾಕ ಕೈ ಹೊಲಸ ಮಾಡ್ಕೊಳ್ಳೂದವ್ವಾ? ಬಜಾರದಾಗಿಂದ ತಂದಬಿಡು. ಮಿಸ್ ಕೇಳಿದ್ರ ನಾ ಹೇಳತೀನಿ."

ಸಿಟ್ಟಿನಿಂದ ಹೇಳಿದ್ದರೆ ಸಮಾಧಾನ ಮಾಡಬಹುದಿತ್ತು. ಅವಳು ನನಗೆ ಸಹಾಯ ಮಾಡುವವಳಂತೆ ಹೇಳಿದಳು. ಹಾಗೆಲ್ಲ ಸುಳ್ಳು ಹೇಳಬಾರದು ಎನ್ನಬೇಕಿತ್ತು. ಯಾವ ಬಾಯಿಂದ ಹೇಳಲಿ?