ಬಾಯಿ ತೆರೆಯದ ದಿನಗಳು

ಮೊದಲು ನೋವು ಬಂದದ್ದು ಕೆಲಸದಲ್ಲಿದ್ದಾಗ. ಚಿತ್ತಾಪುರದ ಬಸ್ ನಿಲ್ದಾಣದಲ್ಲಿ ಬಾಗಿಲ ಬಳಿ ನಿಂತು ಊರುಗಳ ಹೆಸರು ಕೂಗುತ್ತಿದ್ದೆ. ಬಲದವಡೆಯ ಕೊನೆಯಿಂದ ಕಿವಿಯವರೆಗೆ ಸೂಜಿ ಎಳೆದಂತಾಯಿತು. ಕೂಗು ಅರ್ಧಕ್ಕೇ ನಿಂತಿತು.

ನಾನು ಕಂಡಕ್ಟರ್. ದಿನವಿಡೀ ಬಾಯಿಗೇ ಕೆಲಸ. ಒಳಗೆ ಸರಿಯಿರಿ, ಆಧಾರ್ ತೋರಿಸಿ, ಚಿಲ್ಲರೆ ಕೊಡಿ. ಹಲ್ಲುನೋವೆಂದು ರಜೆ ಕೇಳಲು ನಾಚಿಕೆಯಾಗಿ, ಲವಂಗ ಕಚ್ಚಿಕೊಂಡೇ ದಿನ ದೂಡಿದೆ. ಕೆನ್ನೆ ಊದಿದಾಗ ಗಂಡ ಬಸವರಾಜ ಬೈಕಿನಲ್ಲಿ ಕೂರಿಸಿಕೊಂಡು ಹಲ್ಲಿನ ಡಾಕ್ಟರ ಬಳಿ ಕರೆದೊಯ್ದರು.

ಡಾಕ್ಟರಮ್ಮ ಎಕ್ಸ್‌ರೇ ಎತ್ತಿ ಹಿಡಿದು ತೋರಿಸಿದರು. “ವಿಸ್ಡಮ್ ಟೂತ್ ಅಡ್ಡ ಬೆಳದದರಿ. ಇಂಪ್ಯಾಕ್ಟೆಡ್ ಅಂತೀವಿ. ಒಸಡು ಕೊಯ್ದು ತೆಗೀಬೇಕಾಗ್ತದ.”

ಮೊದಲು ಊತ ಇಳಿಯಲು ಗುಳಿಗೆ ಕೊಟ್ಟರು. ಆಮೇಲೆ ಹಲ್ಲು ತೆಗೆದರು. ಇಂಜೆಕ್ಷನ್ ಕೊಟ್ಟಿದ್ದರಿಂದ ನೋವು ಗೊತ್ತಾಗಲಿಲ್ಲ. ಹಲ್ಲನ್ನು ತುಂಡು ಮಾಡಿದ ಸದ್ದು ಮಾತ್ರ ತಲೆಯೊಳಗೆಲ್ಲ ಕೇಳಿಸಿತು. ಮನೆಗೆ ಬರುವಾಗ ಬಾಯಲ್ಲಿ ಹತ್ತಿ, ಒಸಡಿಗೆ ಸ್ಟಿಚ್. ಮರುದಿನ ಏಳುವಷ್ಟರಲ್ಲಿ ದವಡೆ ಬಿಗಿದುಹೋಗಿತ್ತು. ಒಂದು ಬೆರಳು ತೂರುವಷ್ಟೂ ಬಾಯಿ ತೆರೆಯುತ್ತಿರಲಿಲ್ಲ.

ಸುದ್ದಿ ತಿಳಿದದ್ದೇ ಅಕ್ಕ ದಂಡೋತಿಯಿಂದ ಬಂದುಬಿಟ್ಟಳು.

ನನಗೆ ಅವ್ವನ ಮುಖ ನೆನಪಿಲ್ಲ. ನನ್ನನ್ನು ಸಾಕಿದವಳು ಅಕ್ಕ ಶರಣಮ್ಮ. ದಂಡೋತಿಗೆ ಮದುವೆಯಾಗಿ ಹೋಗುವಾಗ ನನ್ನನ್ನೂ ಜೊತೆಗೆ ಕರೆದೊಯ್ದಳು. ಅವಳ ಅತ್ತೆ ಈರಮ್ಮ ನನ್ನನ್ನು ಒಂದು ದಿನವೂ ಹೊರಗಿನವಳಂತೆ ನೋಡಲಿಲ್ಲ. ಆ ಮನೆಯ ರೊಟ್ಟಿ ತಿಂದೇ ನಾನು ಓದಿದೆ, ಕೆಲಸ ಹಿಡಿದೆ.

ಅಕ್ಕ ಬಂದವಳೇ ಅಡುಗೆಮನೆ ಹೊಕ್ಕಳು. ಜೋಳದ ನುಚ್ಚಿನ ಗಂಜಿ ಕಾಸಿ, ಆರಿಸಿ, ಮಜ್ಜಿಗೆ ಬೆರೆಸಿದಳು. ಹಲ್ಲಿನ ಸಂದಿಯಲ್ಲಿ ಸಣ್ಣ ಚಮಚ ತೂರಿಸಿ ಕುಡಿಸಿದಳು. ನಾನು ಏನೋ ಹೇಳಲು ಹೋದೆ.

“ಸುಮ್ ಕುಂದ್ರು ಸವಿತಾ. ಹೊಲಿಗಿ ಹರಿತಾವ. ಹುಟ್ಟಿದಾಗಿಂದ ನೀನೇ ಮಾತಾಡೀದಿ. ಈಗ ನಾ ಮಾತಾಡ್ತೀನಿ, ನೀ ಕೇಳು.”

ನಿಜವಾಗಿಯೂ ಅಕ್ಕ ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲೇ ಇಲ್ಲ. ಎಮ್ಮೆ ಹಾಲು ಕೊಡದೆ ಸತಾಯಿಸಿದ್ದು, ಪಕ್ಕದ ಮನೆಯ ಹುಡುಗಿ ಸೇಡಂಗೆ ಸೊಸೆಯಾಗಿ ಹೋದದ್ದು, ಈ ಸಲ ತೊಗರಿ ಚೆನ್ನಾಗಿ ಕಾಯಿ ಕಟ್ಟಿದ್ದು. ನಾನು ನಕ್ಕರೆ ಕೆನ್ನೆ ನೋಯುತ್ತಿತ್ತು. ನಗಿಸಿದ್ದಕ್ಕೆ ಅವಳೇ ತನ್ನ ಕೆನ್ನೆಗೆ ಹೊಡೆದುಕೊಳ್ಳುತ್ತಿದ್ದಳು. ತನ್ನ ಮೈಯ ಬಗ್ಗೆ ಮಾತ್ರ ಒಂದು ಮಾತೂ ಆಡಲಿಲ್ಲ. ಅವಳಿಗೂ ಎಲ್ಲಾದರೂ ನೋವಿತ್ತೇ? ಈಗ ಕೇಳುವುದು ಯಾರನ್ನು?

ತೊಗರಿ ರಾಶಿ ಶುರುವಾಗಿದ್ದರಿಂದ ಅವಳು ಹೊರಡಬೇಕಾಯಿತು. “ಸಂಜಿಗಿ ಫೋನ್ ಮಾಡ್ತೀನಿ. ನೀ ಏನೂ ಅನಬ್ಯಾಡ. ಹೂಂ ಅಂದ್ರ ಸಾಕು,” ಎಂದು ನನ್ನ ತಲೆ ನೇವರಿಸಿ ಹೋದಳು.

ಸಂಜೆ ಫೋನ್ ಮಾಡಿದಳು. ಗಂಜಿ ಕುಡಿದೆಯಾ, ಗುಳಿಗೆ ನುಂಗಿದೆಯಾ, ಉಪ್ಪುನೀರು ಮುಕ್ಕಳಿಸಿದೆಯಾ. ಎಲ್ಲಕ್ಕೂ ಹೂಂ ಅಂದೆ.

ಮರುದಿನ ಬೆಳಿಗ್ಗೆ ಅಕ್ಕ ಹೋಗಿಬಿಟ್ಟಳು.

ಹೊಲಕ್ಕೆ ಹೊರಟವಳು ಎದೆ ಹಿಡಿದುಕೊಂಡು ಅಂಗಳದಲ್ಲೇ ಕೂತಳಂತೆ. ಗಾಡಿ ಮಾಡಿಕೊಂಡು ಆಸ್ಪತ್ರೆಗೆ ಹೊರಟರು. ದಾರಿಯಲ್ಲೇ ಮುಗಿದಿತ್ತು. ಹಾರ್ಟ್ ಅಟ್ಯಾಕ್ ಅಂದರು.

ನಮ್ಮ ಕಡೆ ಹೆಂಗಸರು ಸತ್ತವರ ಮುಂದೆ ಕೂತು, ಅವರ ಗುಣಗಳನ್ನೆಲ್ಲ ಹೇಳಿಕೊಂಡು, ಹಾಡಿದಂತೆ ಅಳುತ್ತಾರೆ. ಅಕ್ಕನ ಗುಣ ನನಗಿಂತ ಬಲ್ಲವರು ಯಾರಿದ್ದರು? ಅವಳ ತಲೆದೆಸೆಯಲ್ಲಿ ಕೂತೆ. ಬಾಯಿ ತೆರೆಯಲಿಲ್ಲ. ಗಂಟಲಲ್ಲಿ ಎದ್ದದ್ದೆಲ್ಲ ಹಲ್ಲಿಗೆ ಬಡಿದು ಒಳಗೇ ತಿರುಗಿತು. ಮೂಗಿನಿಂದ ಒಂದು ಸಣ್ಣ ಸ್ವರ ಬಂತು, ಅಷ್ಟೇ.

“ಒಡಹುಟ್ಟಿದಾಕಿ, ಬಾಯಿ ಬಿಟ್ಟು ಅಳವಲ್ಲಳು ನೋಡ್ರಿ,” ಎಂದು ಯಾರೋ ಹಿಂದಿನಿಂದ ಅಂದರು.

ಈರಮ್ಮತ್ತೆ ಅಳು ನಿಲ್ಲಿಸಿ ತಿರುಗಿದರು. “ಆಕಿ ದವಡಿ ಬಿಗದದ. ಆಕೀಗಿ ಯಾರೂ ಏನೂ ಅನಬ್ಯಾಡ್ರಿ.” ಹಾಗಂದು ನನ್ನ ಊದಿದ ಕೆನ್ನೆಯನ್ನು ತಮ್ಮ ಎದೆಗೆ ಒತ್ತಿಕೊಂಡರು. ಜೀವ ಹೋಗುವಷ್ಟು ನೋವಾಯಿತು. ಬಿಡಿಸಿಕೊಳ್ಳಲಿಲ್ಲ.

ಮಣ್ಣು ಮಾಡಿ ಬಂದ ಮೇಲೂ ಗುಳಿಗೆ ನುಂಗಬೇಕಿತ್ತು. ಉಪ್ಪುನೀರು ಮುಕ್ಕಳಿಸಬೇಕಿತ್ತು. ಅಕ್ಕ ಹೋದ ದುಃಖದಲ್ಲೂ ಗಾಯ ತನ್ನ ಪಾಡಿಗೆ ಮಾಯುತ್ತಿತ್ತು. ಅದನ್ನು ಕಂಡರೆ ನನಗೆ ಸಿಟ್ಟು ಬರುತ್ತಿತ್ತು. ಬಸವರಾಜ ಗಂಜಿ ಕಾಸುತ್ತಿದ್ದರು. ಗಂಟು ಗಂಟಾಗಿರುತ್ತಿತ್ತು. ಇಬ್ಬರೂ ಅದನ್ನೇ ಕುಡಿಯುತ್ತಿದ್ದೆವು.

ಸ್ಟಿಚ್ ತೆಗೆಸಲು ಹೋದೆ. ಡಾಕ್ಟರಮ್ಮನಿಗೆ ಅಕ್ಕನ ವಿಷಯ ಗೊತ್ತಿರಲಿಲ್ಲ. ದಾರ ಕತ್ತರಿಸಿ, ದವಡೆಯ ಕೆಳಗೆ ಬೆರಳಿಟ್ಟು, “ಈಗ ನಿಧಾನಕ್ಕ ಬಾಯಿ ತೆಗೀರಿ. ಇನ್ನೊಂದೀಟು. ಭಾಳ ಛಲೋ ಆಗ್ಯದ,” ಅಂದರು.

ಬಾಯಿ ತೆರೆಯಿತು.

ಜೊತೆಗೇ ಅಳು ಬಂತು. ಯಕ್ಕಾ ಎಂದು ಕೂಗಿದೆ. ಹೊರಗೆ ಕೂತಿದ್ದವರೆಲ್ಲ ಎದ್ದು ನಿಂತರಂತೆ. ಡಾಕ್ಟರಮ್ಮ ಗಾಬರಿಯಾಗಿ, “ನೋವಾಯ್ತೇನ್ರಿ?” ಎಂದರು. ಬಸವರಾಜ ಒಳಗೆ ಬಂದು ವಿಷಯ ಹೇಳಿದರು. ಡಾಕ್ಟರಮ್ಮ ಕೈಗವಸು ಬಿಚ್ಚಿಟ್ಟು ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತರು. “ಅಳ್ರಿ. ಮುಂದಿನ ಪೇಷಂಟ್ ಕಾಯ್ತಾರ,” ಅಂದರು. ಆ ಒಂದು ಮಾತಿಗೆ ನಾನು ಇಂದಿಗೂ ಋಣಿ.

ರಜೆ ಮುಗಿದು ಕೆಲಸಕ್ಕೆ ಹೋದೆ. ಊರ ಹೆಸರು ಕೂಗಲು ಬಾಯಿ ತೆರೆದರೆ ದವಡೆ ಕಟಕ್ಕೆನ್ನುತ್ತಿತ್ತು. ಸ್ವರ ನನ್ನದೇ ಅನ್ನಿಸಲಿಲ್ಲ. ದಂಡೋತಿ ಎಂದು ಮಾತ್ರ ಕೂಗಲಾಗಲಿಲ್ಲ. ಡ್ರೈವರಣ್ಣನೇ ಕಿಟಕಿಯಿಂದ ತಲೆ ಹಾಕಿ ಆ ಹೆಸರು ಕೂಗಿದ.

ತಿರುಗಿ ಬರುವಾಗ ದಂಡೋತಿಯಲ್ಲಿ ಬಸ್ ನಿಂತಿತು. ಈರಮ್ಮತ್ತೆ ಹತ್ತಿದರು. ಕೈಯಲ್ಲಿ ಚೀಲವಿಲ್ಲ, ಏನಿಲ್ಲ. ಕಿಟಕಿಯ ಪಕ್ಕ ಕೂತು ಆಧಾರ್ ಕಾರ್ಡ್ ಚಾಚಿದರು.

“ಎಲ್ಲಿಗಿ ಅತ್ತಿ?”

“ಚಿತ್ತಾಪುರಕ್ಕ.”

“ದವಾಖಾನಿಗೇನು?”

“ಎದಕ್ಕೂ ಇಲ್ಲವ್ವ. ಇದೇ ಬಸ್ಸಿಗಿ ತಿರಗಿ ಬರ್ತೀನಿ. ಮನ್ಯಾಗ ಕುಂದ್ರಲಿಕ್ಕ ಆಗವಲ್ದು. ನೀ ಡ್ಯೂಟಿಗಿ ಬಂದೀದಿ ಅಂತ ಗೊತ್ತಾತು, ಬಂದೆ.”

ಉಳಿದವರಿಗೆಲ್ಲ ಟಿಕೆಟ್ ಕೊಟ್ಟು ಬಂದು ಅವರ ಪಕ್ಕ ಕೂತೆ. ಮುಂದಿನ ಊರು ಬಂದಾಗ ಎದ್ದು, ಬಾಗಿಲಿಗೆ ಹೋಗಿ, ಅದರ ಹೆಸರು ಕೂಗಿದೆ.