ಭೋಂಗಾ ಕೇಳದ ಓಣಿ

ಹೊಳೆ ಬಂದರೆ ಏನು ಮಾಡಬೇಕೆಂದು ಕಲಿಸಲು ನಮ್ಮ ಓಣಿಗೆ ಒಬ್ಬ ಸರಕಾರಿ ಸಾಹೇಬ ಬಂದಿದ್ದ. ಗಡಹಿಂಗ್ಲಜ ಕಡೆಯವ, ಕನ್ನಡ ಬರುತ್ತಿತ್ತು. ಪಂಚಗಂಗೆ ಏರಿದರೆ ಭೋಂಗಾ, ಅಂದರೆ ಸೈರನ್, ಊದುತ್ತದೆ, ಆಗ ಎಲ್ಲರೂ ದಿಬ್ಬದ ಮೇಲಿನ ಶಾಲೆಗೆ ಹೋಗಬೇಕು ಎಂದ. ರೂಢಿಯಾಗಲೆಂದು ಮೊದಲು ಸುಳ್ಳೇ ಊದಿಸಿದನಂತೆ. ಒಬ್ಬರೂ ಹೊರಗೆ ಬರಲಿಲ್ಲ. ನಮ್ಮ ಬಾಗಿಲಿಗೇ ಬಂದು ನನ್ನನ್ನು ಕೇಳಿದ:

"ಏನ್ರಿ ಆಯಿ, ಊದಿ ಊದಿ ಸಾಕಾತು. ಎಲ್ಲಾರೂ ಒಳಗs ಕುಂತೀರಲ್ರಿ?"

"ಮಗ್ಗದ ಸಪ್ಪಳದಾಗ ಏನ್ ಕೇಳತೈತೋ ತಮ್ಮಾ? ಬಂದ್ ಮಾಡ್ರಿ ಅಂತ ಹೇಳಿ ಊದಬೇಕು."

"ಬಂದ್ ಮಾಡ್ರಿ ಅಂತ ಹೇಳಾಕs ಭೋಂಗಾ ಅಲ್ಲೇನ್ರಿ?"

ನಮ್ಮ ಇಚಲಕರಂಜಿಯಲ್ಲಿ ಕರೆಂಟಿನ ಮಗ್ಗ ನಡೆಯುವಾಗ ನಮ್ಮದೆಲ್ಲ ಕೈಸನ್ನೆ. ಚಹಾ ಕೇಳುವುದೂ ಬೈಯುವುದೂ ಅದರಲ್ಲೇ. ನನ್ನ ಗಂಡನಿಗಂತೂ ಮಗ್ಗ ನಿಂತರೂ ಏನೂ ಕೇಳಿಸುವುದಿಲ್ಲ.

ಸಾಹೇಬ ಯೋಚಿಸಿ ಓಣಿಯ ಕರೆಂಟ್ ತೆಗೆಸಿದ. ಮಗ್ಗ ನಿಂತರೆ ಜನ ಹೊರಗೆ ಬರುತ್ತಾರೆಂದು ಅವನ ಲೆಕ್ಕ. ನಾವು ಲೈಟ್ ಹೋದಾಗ ಮಾಡುವುದನ್ನೇ ಮಾಡಿದೆವು. ಹೆಂಗಸರು ಚಹಾಕ್ಕಿಟ್ಟರು, ಗಂಡಸರು ಮಗ್ಗದ ಕಾರಖಾನೆಯಲ್ಲೇ ಒರಗಿ ನಿದ್ದೆಹೋದರು. ಸಾಹೇಬ ನಮ್ಮ ಮನೆಯಲ್ಲೇ ಚಹಾ ಕುಡಿದು ಹೋದ.

ಮುಂದೆ ಮಳೆ ಹಿಡಿಯಿತು. ಒಂದು ಮಧ್ಯಾಹ್ನ ಲೈಟ್ ಹೋಗಿ ಮಗ್ಗ ನಿಂತವು. ಚಹಾಕ್ಕಿಟ್ಟೆ. ದೂರದಲ್ಲಿ ಭೋಂಗಾ ಕೇಳಿಸಿತು.

"ಇದು ಖರೇದೋ ಸುಳ್ಳೋ?" ಎಂದು ಪಕ್ಕದ ಮನೆಯವಳನ್ನು ಕೇಳಿದೆ.

"ಸುಳ್ಳದs ಇರಬೇಕ್ರಿ. ಖರೇದಿದ್ರ ಸಾಹೇಬ ಬರತಿದ್ದ, ಚಹಾಕ್ಕಾದ್ರೂ."

ಅಷ್ಟರಲ್ಲಿ ಗಟಾರದ ನೀರು ಹಿಂದಕ್ಕೆ ಹರಿಯುವುದು ಕಂಡಿತು. ಚಹಾ ಅಲ್ಲೇ ಬಿಟ್ಟು ಕಾರಖಾನೆಗೆ ನಡೆದೆ. ಅದು ಹೊಳೆಯ ಮಗ್ಗುಲಿಗೆ, ತಗ್ಗಿನಲ್ಲಿದೆ. ಒಳಗೆ ಮೊಣಕಾಲುದ್ದ ನೀರು. ನನ್ನ ಗಂಡ ಬಟ್ಟೆಯ ಗಂಟುಗಳ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದ. ಅಲುಗಾಡಿಸಿದೆ. ಕಣ್ಣು ಅರ್ಧ ತೆರೆದು, ಲೈಟ್ ಬಂತಾ ಎಂದು ಕೈ ತಿರುವಿದ. ಇಲ್ಲ ಎಂದು ಕೈಯಾಡಿಸಿದೆ. ಮತ್ತೆ ಮಲಗಿದ.

ನೂಲು ಹರಿದರೆ ಸನ್ನೆ ಇದೆ, ನೂಲು ತೀರಿದರೆ ಇದೆ. ಹೊಳೆ ಬಂತೆನ್ನಲು ಇಲ್ಲ. ಕೈಯಿಂದ ಅಲೆ ಮಾಡಿ ತೋರಿಸಿದೆ. ಹಾವು ಎಂದು ತಿಳಿದು ಕಾಲು ಮೇಲಕ್ಕೆಳೆದುಕೊಂಡ. ನೀರು ತೊಡೆಗೆ ಬಂತು. ಅವನನ್ನು ಹೊರುವ ಶಕ್ತಿ ನನಗಿಲ್ಲ, ಬಿಟ್ಟು ಹೋಗುವಂತೆಯೂ ಇಲ್ಲ. ಕೊನೆಗೆ ಇಲ್ಲದ ಮೀಸೆ ತಿರುವಿದೆ. ಮಾಲಕ ಬಂದ ಎಂಬ ಸನ್ನೆ ಅದು. ತಟ್ಟನೆ ಎದ್ದು ನೀರಿಗೇ ಧುಮುಕಿ ನಿಂತ.

ಕೈ ಹಿಡಿದು ಶಾಲೆ ಮುಟ್ಟಿಸಿದೆ. ಸಾಹೇಬ ಬಾಗಿಲಲ್ಲಿದ್ದ.

"ಆಯಿ, ಭೋಂಗಾ ಕೇಳಿ ಬಂದ್ರೋ, ಲೈಟ್ ಹೋದದ್ದಕ್ಕ ಬಂದ್ರೋ?"

ನನ್ನ ಗಂಡ ಒದ್ದೆ ಲುಂಗಿ ಹಿಂಡುತ್ತ ಅವನನ್ನೇ ದಿಟ್ಟಿಸಿ, ನನ್ನ ಕಡೆ ತಿರುಗಿ ಕೇಳಿದ:

"ಹೊಸಾ ಮಾಲಕ ಇವನs ಏನು?"